ಎಡಕ್ಕೆ ಒರಗಿದ ಗಂಟು

ಮಾರ್ಚ್ 4

ಅಣ್ಣ,

ಗಂಟು ಗಾಯದ ಮೇಲೆ ಕೂರಬಾರದು, ಪಕ್ಕದಲ್ಲಿ ಕೂರಬೇಕು ಎಂದೇನೋ ನೀನು ಹೇಳಿದ್ದೆ. ಅದಕ್ಕೊಂದು ಕಾರಣವನ್ನೂ ಕೊಟ್ಟಿದ್ದೆ. ಕಾರಣ ಮಾತ್ರ ನೆನಪಿಗೆ ಬರುತ್ತಿಲ್ಲ. ನಾನಾಗ ದಂತವೈದ್ಯಕೀಯದ ಎರಡನೆಯ ವರ್ಷದಲ್ಲಿದ್ದೆ. ನೀನು ಸ್ಪಂಜಿಗೆ ಹೊಲಿಗೆ ಹಾಕುತ್ತಾ ಮಾತಾಡುತ್ತಿದ್ದೆ, ನಾನು ಮಾತನ್ನು ಬಿಟ್ಟು ಕೈಯನ್ನು ನೋಡುತ್ತಿದ್ದೆ.

ಈಗ ಅದು ಬೇಕಾಗಿದೆ. ಹೊಸದಾಗಿ ಸೇರಿದ ಮಕ್ಕಳಿಗೆ ಬಾಯಿಯ ಶಸ್ತ್ರಚಿಕಿತ್ಸೆಯ ಉಪಕರಣ, ಹೊಲಿಗೆ ಇವುಗಳ ಬಗ್ಗೆ ಒಂದು ಕೈಪಿಡಿ ಬರೆಯಬೇಕೆಂದು ಕಾಲೇಜು ನನ್ನ ತಲೆಗೆ ಕಟ್ಟಿದೆ. ಸೂಜಿ ಹಿಡಿಯುವ ಇಕ್ಕುಳದ ಬಗ್ಗೆ, ಅದೇ ನೀಡಲ್ ಹೋಲ್ಡರ್, ಒಂದು ಪುಟ ನೀನು ಬರೆದುಕೊಡು. ಫೋನಿನಲ್ಲಿ ಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೆಯ ನಿಮಿಷಕ್ಕೆ ಜಗಳಕ್ಕೆ ಇಳಿಯುತ್ತೇವೆ.

ನಿನ್ನ ಪರವಾನಗಿ ನವೀಕರಣದ ಅರ್ಜಿ ತಲುಪಿತು. ಐದು ವರ್ಷಕ್ಕೊಮ್ಮೆ ಇಬ್ಬರು ಹಿರಿಯ ಸರ್ಜನ್ನರು ‘ಈ ವೈದ್ಯರ ಕೈ ಮತ್ತು ಕಣ್ಣು ಕೆಲಸಕ್ಕೆ ತಕ್ಕಂತಿವೆ’ ಎಂದು ಸಹಿ ಮಾಡಬೇಕು. ಒಬ್ಬರದು ಆಗಿದೆ, ಉಳಿದದ್ದು ನನ್ನದು. ಜೂನ್ 30 ಕಡೆಯ ದಿನ, ಅವಸರವೇನಿಲ್ಲ.

ಹೋದ ವಾರ ನಿಮ್ಮ ಊರಿನಿಂದ ಒಬ್ಬ ಟೈಲರ್ ಹೆಂಗಸು ಬಂದಿದ್ದರು. ಮಗಳ ಮನೆ ಇಲ್ಲಿದೆಯಂತೆ. ಕೆಳದವಡೆಯ ಬಲಗಡೆಯ ಕಡೇ ಹಲ್ಲನ್ನು ನೀನು ತೆಗೆದು ಒಂಬತ್ತು ದಿನವಾಗಿತ್ತು. ನಾಲ್ಕು ಹೊಲಿಗೆ, ಕಪ್ಪು ರೇಷ್ಮೆ. ನಾನೇ ಬಿಚ್ಚಿದೆ. ಗಾಯ ಚೆನ್ನಾಗಿ ಕೂಡಿದೆ. “ನಿಮ್ಮಣ್ಣಂದು ಬಹಳ ನಾಜೂಕು ಕೈ ಮೇಡಂ. ನನ್ನ ಅಂಗಡೀಲಿ ಕಾಜಾ ಹಾಕೋಕೆ ಕರೆದುಬಿಡೋಣ ಅನ್ನಿಸ್ತು” ಎಂದರು.

ಆ ನಾಲ್ಕನ್ನೂ ನೀನೇ ಹಾಕಿದ್ದೆಯಾ? ಸುಮ್ಮನೆ ಕೇಳಿದೆ.

ತಂಗಿ


ಮಾರ್ಚ್ 12

ಪತ್ತೇದಾರಿ ತಂಗಿಗೆ,

ನಾನಲ್ಲದೆ ಕ್ಲಿನಿಕ್ಕಿನ ಗೋಡೆ ಗಡಿಯಾರ ಹೊಲಿಯುತ್ತದೆಯೇ? ‘ಸುಮ್ಮನೆ ಕೇಳಿದೆ’ ಎಂದು ನೀನು ಬರೆದಾಗಲೆಲ್ಲ ಅದು ಸುಮ್ಮನೆ ಆಗಿರುವುದಿಲ್ಲ ಎಂಬುದು ನಿನ್ನ ಏಳನೆಯ ವಯಸ್ಸಿನಿಂದ ನನಗೆ ಗೊತ್ತು. ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೆ ಬೆರಳಿನ ಗುರುತು ಹುಡುಕಲು ಅಪ್ಪನ ಟಾಲ್ಕಂ ಪೌಡರ್ ಸುರಿದವಳು ನೀನು.

ನಿನ್ನ ಪುಟ ಇದರ ಜೊತೆಗಿದೆ. ಪುಸ್ತಕದ ಸುದ್ದಿಯನ್ನು ನಮ್ಮ ದಾದಿಗೆ ಹೇಳಿದೆ. ನಾನು ಹತ್ತೊಂಬತ್ತು ವರ್ಷದಿಂದ ಎಡಚಿ ಎಂದೇ ಕರೆಯುತ್ತೇನಲ್ಲ, ಅವಳಿಗೆ. “ತೊಳೆಯೋದರ ಬಗ್ಗೆ ಒಂದು ಪುಟ ಇರಲಿ ಅನ್ನಿ ಡಾಕ್ಟ್ರೇ. ಎಲ್ಲರೂ ಹೊಲಿಗೆ ಹೊಲಿಗೆ ಅಂತಾರೆ, ರಕ್ತ ಅಂಟಿದ ಇಕ್ಕುಳದ ಸಂದಿ ಬ್ರಷ್ ಹಾಕಿ ಉಜ್ಜೋರು ಯಾರು?” ಎಂದಳು. ನಿಜವೇ. ಒಂದು ಪುಟ ಅವಳ ಲೆಕ್ಕಕ್ಕೆ ಇಟ್ಟುಕೋ.

ನೀಡಲ್ ಹೋಲ್ಡರ್: ಹೆಬ್ಬೆರಳು ಒಂದು ಉಂಗುರದಲ್ಲಿ, ಉಂಗುರಬೆರಳು ಇನ್ನೊಂದರಲ್ಲಿ. ಬೆರಳು ಮೊದಲ ಗೆಣ್ಣು ದಾಟಿ ಒಳಗೆ ಹೋಗಬಾರದು. ಹೋದರೆ ಮಣಿಕಟ್ಟು ತಿರುಗುವುದಿಲ್ಲ. ತೋರುಬೆರಳು ಇಕ್ಕುಳದ ಬೆನ್ನಿನ ಮೇಲೆ ಚಾಚಿರಲಿ, ದಾರಿ ತೋರಿಸುವುದು ಅದೇ. ಸೂಜಿಯನ್ನು ಅದರ ತುದಿಯಿಂದ ಮೂರನೆಯ ಎರಡು ಭಾಗದಷ್ಟು ಹಿಂದಕ್ಕೆ ಹಿಡಿಯಬೇಕು. ಮೊನೆಯನ್ನು ಮುಟ್ಟಿದರೆ ಮೊಂಡಾಗುತ್ತದೆ, ದಾರ ಕೂಡಿದ ಕಡೆ ಹಿಡಿದರೆ ಬಾಗುತ್ತದೆ. ಒತ್ತಿದರೆ ಹಲ್ಲುಹಲ್ಲಾಗಿ ಬೀಗ ಬೀಳುತ್ತದೆ. ಬಿಡಿಸಲು ಹೆಬ್ಬೆರಳನ್ನು ಅಂಗೈಯ ಕಡೆ ಒಳಕ್ಕೆ ಎಳೆದು, ಉಂಗುರಬೆರಳನ್ನು ಹೊರಕ್ಕೆ ತಳ್ಳಬೇಕು. ಬೀಗ ಸದ್ದಿಲ್ಲದೆ ಬಿಡುತ್ತದೆ. ಸೂಜಿ ಒಸಡಿಗೆ ನೇರವಾಗಿ ಇಳಿಯಬೇಕು, ಅಂಚಿನಿಂದ ಮೂರು ಮಿಲಿಮೀಟರ್ ದೂರದಲ್ಲಿ. ತಳ್ಳಬಾರದು. ಸೂಜಿ ಎಷ್ಟು ಬಾಗಿದೆಯೋ ಮಣಿಕಟ್ಟು ಅಷ್ಟೇ ತಿರುಗಬೇಕು.

ಸಹಿಯನ್ನು ಈ ತಿಂಗಳೇ ಕಳುಹಿಸಿದರೆ ನೆಮ್ಮದಿ.

ಅಣ್ಣ


ಮಾರ್ಚ್ 20

ಅಣ್ಣ,

ನಿನ್ನ ಪುಟವನ್ನು ಅಚ್ಚಿಗೆ ಕಳಿಸುವ ಮೊದಲು ತರಗತಿಯಲ್ಲಿ ಓದಿಸಿ ನೋಡಿದೆ. ಇಪ್ಪತ್ತನಾಲ್ಕು ಜನ, ತಲೆಗೊಂದು ಇಕ್ಕುಳ, ಒಂದು ಸ್ಪಂಜು. ಬೀಗ ಹಾಕುವವರೆಗೆ ಎಲ್ಲ ಸರಿಯಿತ್ತು. ಬಿಡಿಸಿ ಎಂದೆ. ನೀನು ಬರೆದ ಹಾಗೆ ಹೆಬ್ಬೆರಳನ್ನು ಒಳಕ್ಕೆ ಎಳೆದರು. ಇಕ್ಕುಳ ಕಚ್ಚಿಕೊಂಡು ಕೂತುಬಿಟ್ಟಿತು.

“ಮೇಡಂ, ಬಿಡ್ತಾನೇ ಇಲ್ಲ.”

“ಮೇಡಂ, ನಂದು ಇನ್ನೂ ಒಂದು ಹಲ್ಲು ಮುಂದಕ್ಕೇ ಹೋಯ್ತು.”

“ಪುಸ್ತಕದಲ್ಲಿ ಇರೋ ಹಾಗೇ ಮಾಡ್ತಿದೀನಿ ಮೇಡಂ, ಇದೇ ಹಾಳಾಗಿರ್ಬೇಕು.”

ಇಪ್ಪತ್ಮೂರು ಕೆಟ್ಟ ಇಕ್ಕುಳಗಳು. ಹಿಂದಿನ ಬೆಂಚಿನಲ್ಲಿ ಒಬ್ಬಳು ಮಾತ್ರ ಆಡಿಸುವ ಹಾಗೆ ಹಾಕಿ ತೆಗೆದು ಹಾಕಿ ತೆಗೆದು ಮಾಡುತ್ತಿದ್ದಳು. ಹತ್ತಿರ ಹೋಗಿ ನೋಡಿದೆ. ಅವಳ ಇಕ್ಕುಳ ಎಡಗೈಯಲ್ಲಿತ್ತು.

ನಿನಗೆ ಪಾಠ ಹೇಳುವುದು ಮುಜುಗರ. ಆದರೂ ಬರೆಯುತ್ತೇನೆ. ಈ ಇಕ್ಕುಳಗಳನ್ನು ಬಲಗೈಗೆಂದು ಮಾಡಿರುತ್ತಾರೆ. ಬಲಗೈಯವರು ಹೆಬ್ಬೆರಳನ್ನು ಹೊರಕ್ಕೆ ತಳ್ಳಿ ಬೀಗ ಬಿಡಿಸುತ್ತಾರೆ. ಎಡಗೈಯವರು ಮಾತ್ರ ಒಳಕ್ಕೆ ಎಳೆಯಬೇಕಾಗುತ್ತದೆ. ಮೂವತ್ತು ವರ್ಷ ಬಲಗೈಯಲ್ಲಿ ಹೊಲಿದವನು ಇದನ್ನು ತಪ್ಪಿ ಬರೆಯುವುದಿಲ್ಲ. ಅವನ ಹೆಬ್ಬೆರಳೇ ಬರೆಯಲು ಬಿಡುವುದಿಲ್ಲ.

ಈಗ ಮಾರ್ಚ್ 4ರಂದು ಬರೆಯದೆ ಬಿಟ್ಟದ್ದನ್ನು ಬರೆಯುತ್ತೇನೆ. ಆ ಟೈಲರ್ ಹೆಂಗಸಿನ ನಾಲ್ಕು ಗಂಟುಗಳನ್ನು ನಾನು ಎಸೆಯಲಿಲ್ಲ. ಭೂತಗನ್ನಡಿಯ ಕೆಳಗಿಟ್ಟು ನೋಡಿದೆ. ಗಂಟಿನ ಮೊದಲ ಎರಡು ಸುತ್ತು ಬಲಗೈಯವರು ಹಾಕಿದರೆ ಬಲಕ್ಕೆ ಒರಗುತ್ತವೆ. ಇಲ್ಲಿ ನಾಲ್ಕೂ ಎಡಕ್ಕೆ ಒರಗಿವೆ, ಕನ್ನಡಿಯಲ್ಲಿ ನೋಡಿದ ಹಾಗೆ.

ನಿನ್ನ ಕೋಣೆಯಲ್ಲಿ ಎಡಗೈಯವರು ಒಬ್ಬರೇ.

ಇನ್ನೊಂದು. ನಿನ್ನ ಅಕ್ಷರ ಎಂದಿನಿಂದ ಓದಲು ಬರುವಂತಾಯಿತು? ಔಷಧಿ ಅಂಗಡಿಯವನೂ ನಿನಗೆ ಫೋನ್ ಮಾಡಿ ಕೇಳುತ್ತಿದ್ದ ಕಾಲವಿತ್ತು. ಈ ಎರಡು ಕಾಗದ ಶಾಲೆಯ ಮಗು ಬರೆದಂತೆ ದುಂಡಗಿವೆ. ಸಾಲಿನುದ್ದಕ್ಕೂ ಶಾಯಿ ಒರೆಸಿಕೊಂಡು ಹೋಗಿದೆ.

ಹೊಲಿಗೆ ಚೆನ್ನಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ನಿನ್ನದಕ್ಕಿಂತ ಚೆನ್ನಾಗಿದೆ. ಆದರೆ ದಾದಿಗೆ ಹೊಲಿಯುವ ಅಧಿಕಾರವಿಲ್ಲ. ನಾನು ಸಹಿ ಹಾಕಬೇಕಾದದ್ದು ನಿನ್ನ ಕೈಗೆ.

ತಂಗಿ


ಮಾರ್ಚ್ 27

ತಂಗೀ,

ಅಕ್ಷರ ಕೆಟ್ಟದಾಗಿದ್ದಾಗ ಬೈದೆ, ಈಗ ಚೆನ್ನಾಗಿದ್ದರೆ ಪೊಲೀಸರನ್ನು ಕರೆಯುತ್ತೀಯಾ?

ಆ ಪುಟದ ವಿಷಯ ಇಷ್ಟೇ: ಅಂದು ರೋಗಿಗಳು ಬಹಳ ಇದ್ದರು, ನಾನು ಬಾಯಲ್ಲಿ ಹೇಳಿದೆ, ಎಡಚಿ ಬರೆದುಕೊಂಡಳು. ಬೀಗದ ಸಾಲು ಬಂದಾಗ ತನ್ನ ಕೈ ನೋಡಿಕೊಂಡು ಬರೆದಿರಬೇಕು. ಕಾಗದಗಳನ್ನೂ ಒಮ್ಮೊಮ್ಮೆ ಅವಳೇ ಬರೆದುಕೊಡುತ್ತಾಳೆ. ಹೊಲಿಗೆ ಮಾತ್ರ ನನ್ನದು. ಗಂಟು ಎತ್ತ ಒರಗಿದೆಯೆಂದು ಭೂತಗನ್ನಡಿ ಹಿಡಿಯುವಷ್ಟು ಪುರುಸೊತ್ತು ನಿಮ್ಮ ಕಾಲೇಜಿನಲ್ಲಿ ಇರಬಹುದು, ನನಗಿಲ್ಲ.

ಅತ್ತಿಗೆ ನಿನ್ನನ್ನು ಕೇಳಿದಳು. ಅರ್ಜಿಯ ಮೂರನೆಯ ಪುಟದ ಕೆಳಗೆ ಸಹಿ ಹಾಕುವ ಜಾಗವಿದೆ.

ಅಣ್ಣ


ಏಪ್ರಿಲ್ 5

ಅಣ್ಣನಿಗೆ, ಅಥವಾ ಅಣ್ಣನಿಗಾಗಿ ಇದನ್ನು ಒಡೆದು ಓದುತ್ತಿರುವವರಿಗೆ,

ಈ ಲಕೋಟೆ ಮೊದಲು ಯಾರ ಕೈಗೆ ಸಿಗುತ್ತದೆಂದು ನನಗೆ ಈಗ ತಿಳಿಯದು. ಉತ್ತರ ಬರೆಯುವುದು ಯಾರು ಎಂಬುದು ಅದಕ್ಕಿಂತ ತಿಳಿಯದು. ‘ಬಿಸ್ಕತ್ತಿನ ಡಬ್ಬಿ’ ಎಂದು ಬರೆದದ್ದು ಯಾರ ನೆನಪು? ಅಣ್ಣ ಹೇಳಿ ಬರೆಸಿದ್ದೇ? ನಮ್ಮ ಮನೆಯ ಪೌಡರ್ ಡಬ್ಬಿಯನ್ನು ಹೊರಗಿನವರ ಕೈಯಲ್ಲಿ ಕಂಡಂತಾಗಿ ಆ ಕಾಗದವನ್ನು ಮತ್ತೆ ಓದಲಾಗಲಿಲ್ಲ.

ದಾದಿಯವರೇ, ನೀವೇ ಓದುತ್ತಿದ್ದರೆ: ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಹತ್ತೊಂಬತ್ತು ವರ್ಷ ಪಕ್ಕದಲ್ಲಿ ನಿಂತು ನೋಡಿದವರಿಗೆ ಕೈ ಕುದುರುತ್ತದೆ. ಅದು ಬೇರೆ, ಅನುಮತಿ ಬೇರೆ. ಹೊಲಿಗೆ ಬಿಗಿಯಾದರೆ ಅಂಚು ಕೊಳೆಯುತ್ತದೆ. ನಾಲಿಗೆಯ ಕಡೆ ಸೂಜಿ ಒಂದಿಷ್ಟು ಆಳಕ್ಕೆ ಇಳಿದರೆ ಅಲ್ಲೊಂದು ನರವಿದೆ; ಅದು ಹೋದರೆ ಆ ಮನುಷ್ಯನಿಗೆ ಅರ್ಧ ನಾಲಿಗೆಯಲ್ಲಿ ರುಚಿ ಇರುವುದಿಲ್ಲ. ಅಂದು ಉತ್ತರ ಹೇಳಬೇಕಾದವರು ನೀವಲ್ಲ, ಅವನು.

ಅಣ್ಣ, ಈಗ ನಿನಗೆ. ಟೈಲರ್ ಹೆಂಗಸು ಮತ್ತೆ ಬಂದಿದ್ದರು. ನಿಜ ಹೇಳಬೇಕೆಂದರೆ ನಾನೇ ಕರೆಸಿದೆ. ಗಾಯ ನೋಡುವ ನೆಪ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ಕಣ್ಣಿಗೆ ಬಟ್ಟೆ ಮುಚ್ಚಿದ್ರು ಮೇಡಂ, ದೀಪ ಚುಚ್ಚಬಾರದು ಅಂತ. ಕಿವಿಗೇನೂ ಮುಚ್ಚಿರ್ಲಿಲ್ಲ.”

“ಏನು ಕೇಳಿಸ್ತು?”

“ಆ ಸಿಸ್ಟರ್ ಒಬ್ರೇ ಮಾತಾಡ್ತಿದ್ರು. ‘ಎಳೀಬೇಡಿ, ತಿರುಗಿಸಿ. ಹಾಂ, ಇನ್ನೂ ಸ್ವಲ್ಪ. ಈಗ ಬಿಡಿ’ ಅಂತ. ನನ್ನ ಮೊದಲ ಕೆಲಸದ ಹುಡುಗಿಗೆ ನಾನು ಹೇಳ್ತಿದ್ನಲ್ಲ, ಥೇಟ್ ಹಾಗೆ. ಡಾಕ್ಟ್ರದ್ದು ಉಸಿರೂ ಇಲ್ಲ.”

“ಹೊಲಿದ ಕೈ ಯಾವುದು?”

“ಎಡಗೈ. ಇಪ್ಪತ್ತೆಂಟು ವರ್ಷ ಮಷಿನ್ ತುಳಿದಿದೀನಿ, ದಾರ ಯಾವ ಕಡೆ ಎಳೀತಾರೆ ಅಂತ ಕೆನ್ನೆಗೆ ಗೊತ್ತಾಗಲ್ವಾ?”

ಅಂದರೆ ದಾದಿ ಹೊಲಿಯುವುದಷ್ಟೇ ಅಲ್ಲ, ಇನ್ನೊಬ್ಬರಿಗೆ ಕಲಿಸುತ್ತಲೂ ಇದ್ದಾಳೆ. ರೋಗಿಯ ಬಾಯಲ್ಲಿ. ನೀನು ಉಸಿರೆತ್ತದೆ ಪಕ್ಕದಲ್ಲಿ ನಿಂತಿದ್ದೀಯೆ, ಇಲ್ಲವೇ ಕೋಣೆಯಲ್ಲೇ ಇಲ್ಲ. ಹೊಸಬರು ಯಾರು? ಎಷ್ಟು ಜನ? ನಿನ್ನ ಹೆಸರಿನ ಫಲಕದ ಕೆಳಗೆ ಏನು ನಡೆಸುತ್ತಿದ್ದೀಯೆ?

ಹತ್ತು ದಿನ ಕಾಯುತ್ತೇನೆ.

ತಂಗಿ


ಮೇ 2

ಅಣ್ಣ,

ಹತ್ತಲ್ಲ, ಇಪ್ಪತ್ತೇಳು ದಿನ ಕಾದೆ. ಕ್ಲಿನಿಕ್ಕಿಗೆ ಫೋನ್ ಮಾಡಿದೆ, ಅವಳು ಎತ್ತಿದಳು, ನಾನು ಇಟ್ಟೆ. ಮನೆಗೆ ಮಾಡಿದೆ. ಅತ್ತಿಗೆ “ಚೆನ್ನಾಗಿದಾರೆ, ಸ್ವಲ್ಪ ಸುಸ್ತು ಅಷ್ಟೆ” ಎಂದಳು. ಹಿಂದೆ ಇಪ್ಪತ್ತು ನಿಮಿಷ ಬಿಡದೆ ಮಾತಾಡುತ್ತಿದ್ದವಳು.

ನಿನ್ನೆ ಪರವಾನಗಿ ಸಮಿತಿಗೆ ಬರೆದೆ. ನಿನ್ನ ಮೇಲೆ ದೂರಿಲ್ಲ. ‘ಈ ಕ್ಲಿನಿಕ್ಕಿನಲ್ಲಿ ಅರ್ಹತೆ ಇಲ್ಲದವರು ಎಡಗೈಯಿಂದ ಹೊಲಿಗೆ ಹಾಕುತ್ತಿರಬಹುದು, ಬಂದು ನೋಡಿ’ ಎಂದಷ್ಟೇ. ನಾಲ್ಕು ಗಂಟುಗಳನ್ನೂ ಕಳಿಸಿದೆ. ಸಹಿ ಹಾಕಿಬಿಟ್ಟು ಸುಮ್ಮನಿರುವುದು ಸುಲಭವಿತ್ತು. ಎರಡು ಬಾರಿ ಪೆನ್ನು ತೆರೆದೆ ಕೂಡ. ನೀನು ಒಂದು ಸಾಲು ಬರೆದಿದ್ದರೂ ಸಾಕಿತ್ತು.

ತಂಗಿ


ಮೇ 21

ಮಾನ್ಯರೇ,

ತಾವು ಬಯಸಿದ ತನಿಖೆ ಮೇ 18ರಂದು ನಡೆಯಿತು. ಇಬ್ಬರು ಬಂದಿದ್ದರು. ಒಬ್ಬರದು ಬೋಳುತಲೆ, ಇನ್ನೊಬ್ಬರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವವರು. ತಮ್ಮ ಮಾಹಿತಿಗಾಗಿ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಕಪಾಟು ತೆಗೆಸಿದರು. ಹಲ್ಲು ಮೀಟುವ ಎಲಿವೇಟರುಗಳು, ಚಿಮಟ, ಕತ್ತರಿ ಎಲ್ಲವನ್ನೂ ಎಣಿಸಿದರು. ಉಂಗುರಕ್ಕೆ ‘ಎಡ’ ಎಂದು ಬರೆದ ಪಟ್ಟಿ ಸುತ್ತಿದ ಒಂದು ನೀಡಲ್ ಹೋಲ್ಡರ್ ಸಿಕ್ಕಿತು. ಬೋಳುತಲೆಯವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

“ಇದು ಯಾರದ್ದು?”

“ಇಲ್ಲಿ ಎಡಚಿ ಅಂದ್ರೆ ನಾನೊಬ್ಬಳೇ” ಎಂದಳು ದಾದಿ.

“ಹೊಲಿಗೆ ಹಾಕೋಕೆ ಬರುತ್ತಾ ನಿಮಗೆ?”

“ಬರುತ್ತೆ.”

“ಹಾಕಿ ನೋಡೋಣ.”

ಸ್ಪಂಜು ಕೊಟ್ಟರು. ಅವಳು ಮೂರು ಹೊಲಿಗೆ ಹಾಕಿದಳು. ಕನ್ನಡಕದವರು ಕನ್ನಡಕ ಕೆಳಗಿಳಿಸಿ, ತಾವು ಕಳಿಸಿದ ಗಂಟುಗಳನ್ನು ಪಕ್ಕದಲ್ಲಿಟ್ಟು ನೋಡಿದರು. “ಅದೇ ಒರಗು. ನಮ್ಮ ಪಾಸಾದೋರಿಗೂ ಇಷ್ಟು ನೀಟಾಗಿ ಬರಲ್ಲ ಕಣ್ರೀ” ಎಂದು ಜೊತೆಗಾರರಿಗೆ ಮೆಲ್ಲಗೆ ಹೇಳಿದರು.

“ಪೇಶೆಂಟ್ ಬಾಯಲ್ಲಿ ಇವನ್ನ ಹಾಕಿದ್ದೂ ನೀವೇನಾ?” ಎಂದರು ಬೋಳುತಲೆಯವರು.

“ಹೌದು.”

“ಡಾಕ್ಟರಿಗೆ ಗೊತ್ತಿತ್ತಾ?”

“ಇಲ್ಲ. ಅವರು ಕೈ ತೊಳೆಯೋಕೆ ಹೋದಾಗ ಹಾಕ್ತಿದ್ದೆ.”

ಬರೆದುಕೊಂಡರು. ಅವಳಿಂದ ಸಹಿ ಹಾಕಿಸಿಕೊಂಡರು. ದಾದಿಯರ ಪಟ್ಟಿಯಿಂದ ಅವಳ ಹೆಸರು ತೆಗೆಯಲಾಗಿದೆ. ಇನ್ನು ಯಾವ ಕ್ಲಿನಿಕ್ಕಿನಲ್ಲೂ ಕೆಲಸಕ್ಕೆ ನಿಲ್ಲುವಂತಿಲ್ಲ. ನನಗೆ ಅಜಾಗರೂಕತೆಗಾಗಿ ಒಂದು ಎಚ್ಚರಿಕೆ. ನವೀಕರಣಕ್ಕೆ ಅವರ ಅಡ್ಡಿಯಿಲ್ಲ. ತಮ್ಮ ಸಹಿ ಒಂದೇ ಬಾಕಿ.

ಇತಿ,
ಅರ್ಜಿದಾರ


ಮೇ 26

ಅಣ್ಣ,

‘ತಾವು’ ಎಂದು ನೀನು ಬರೆದದ್ದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ನಾನು ಹೇಳಿದ್ದು ನಿಜವಾಯಿತೆಂದು ಸಂತೋಷವೇನೂ ಆಗಲಿಲ್ಲ. ಸ್ವಲ್ಪ ಆಯಿತು, ಸುಳ್ಳೇಕೆ. ಆಮೇಲೆ ಅದು ಹೋಯಿತು.

ಅವಳು ಈಗ ಏನು ಮಾಡುತ್ತಾಳೆ? ಈ ಪ್ರಶ್ನೆಯನ್ನು ಮೇ 1ರಂದು ಕೇಳಿಕೊಳ್ಳಬೇಕಿತ್ತು ಎಂದು ನೀನು ಹೇಳಬಹುದು.

ಆದರೆ ನಿನ್ನ ವರದಿಯಲ್ಲಿ ಒಂದು ವಿಷಯ ತಾಳೆಯಾಗುತ್ತಿಲ್ಲ. ಕೈ ತೊಳೆಯಲು ನೀನು ತೆಗೆದುಕೊಳ್ಳುವುದು ಮೂರು ನಿಮಿಷ. ಒಸಡು ಹಿಂದಕ್ಕೆ ಸರಿಸಿ ತೆರೆದ ಗಾಯಕ್ಕೆ ನಾಲ್ಕು ಹೊಲಿಗೆ ಹಾಕಲು, ಎಷ್ಟೇ ಚುರುಕಾದ ಕೈಗೂ, ಎಂಟು ನಿಮಿಷ ಬೇಕು. ತಿರುಗಿ ಬಂದ ನೀನು ಉಳಿದ ಐದು ನಿಮಿಷ ಏನು ನೋಡುತ್ತಿದ್ದೆ? ಅವರು ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ. ಅವಳು ಕಲಿಸುತ್ತಿದ್ದ ಆ ಹೊಸಬರ ಮಾತನ್ನೂ ಅವರು ಎತ್ತಿದಂತಿಲ್ಲ.

ಒಂದು ಕೆಲಸ ಮಾಡು. ಈಗ ನಿನ್ನ ಕೋಣೆಯಲ್ಲಿ ನೀನೊಬ್ಬನೇ. ಒಂದು ಸ್ಪಂಜಿಗೆ ಮೂರು ಹೊಲಿಗೆ ಹಾಕಿ ಕಳಿಸು. ಅದನ್ನು ನೋಡಿದ ದಿನ ಸಹಿ ಹಾಕುತ್ತೇನೆ.

ತಂಗಿ


ಜೂನ್ 8

ತಂಗೀ,

ಸ್ಪಂಜು ಇದರೊಳಗಿದೆ. ಮೂರು ಹೊಲಿಗೆ, ನಿನ್ನೆ ಮಧ್ಯಾಹ್ನ ಹಾಕಿದ್ದು, ನಾನೊಬ್ಬನೇ ಇದ್ದಾಗ. ನೀನು ಭೂತಗನ್ನಡಿ ತೆಗೆಯುವ ಮೊದಲೇ ಹೇಳಿಬಿಡುತ್ತೇನೆ: ಮೂರೂ ಎಡಕ್ಕೆ ಒರಗಿವೆ.

ಹೋದ ವರ್ಷದ ಜನವರಿಯಿಂದ ನನ್ನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗೆ ಏನು ಮುಟ್ಟಿದರೂ ಗೊತ್ತಾಗುವುದಿಲ್ಲ. ಕತ್ತಿನಲ್ಲಿ ಯಾವುದೋ ನರ ಸಿಕ್ಕಿಕೊಂಡಿದೆಯಂತೆ. ಅಂಗೈಗೆ ಬಲವಿದೆ, ಎಲಿವೇಟರ್ ಹಿಡಿದು ಹಲ್ಲು ಎತ್ತಬಲ್ಲೆ. ಸೂಜಿ ಮಾತ್ರ ಇದೆಯೋ ಬಿದ್ದಿದೆಯೋ ತಿಳಿಯುವುದಿಲ್ಲ. ಒಂದು ದಿನ ಬಿತ್ತು. ಒಬ್ಬ ಮುದುಕರ ನಾಲಿಗೆಯ ಹಿಂದೆ. ನನಗೆ ಅದು ಗೊತ್ತೇ ಆಗಲಿಲ್ಲ, ಖಾಲಿ ಇಕ್ಕುಳವನ್ನು ತಿರುಗಿಸುತ್ತಿದ್ದೆ. ಎಡಚಿ ದಾರದ ತುದಿ ಹಿಡಿದು ಗಂಟಲಿನಿಂದ ಸೂಜಿಯನ್ನು ಮೇಲಕ್ಕೆ ತಂದಳು. ಮುದುಕರು ಎದ್ದು “ಮುಗೀತಾ? ಏನೂ ಗೊತ್ತಾಗ್ಲೇ ಇಲ್ವಲ್ಲ” ಎಂದರು.

ಅವರು ಹೋದ ಮೇಲೆ ಅವಳು ಇಕ್ಕುಳವನ್ನು ನನ್ನ ಎಡಗೈಗೆ ಇಟ್ಟಳು. “ಈ ಕೈಗೆ ಏನಾಗಿದೆ ಡಾಕ್ಟ್ರೇ? ದೇವರಂಥಾ ಕೈ. ಇಷ್ಟು ವರ್ಷ ಸುಮ್ಮನೆ ಕೂತು ಊಟ ಮಾಡಿದೆ, ಇನ್ನು ದುಡೀಲಿ” ಎಂದಳು.

ಹದಿಮೂರು ತಿಂಗಳು. ಮೊದಲು ಸ್ಪಂಜು, ಆಮೇಲೆ ಹತ್ತಿ ತುಂಬಿದ ಕೈಗವಸು. ಹೊಲಿಗೆ ಬೇಕಾದ ರೋಗಿಗಳನ್ನು ಬೇರೆಯವರಲ್ಲಿಗೆ ಕಳಿಸಿದೆ. ಇಕ್ಕುಳ ಬಿಡಿಸುವುದನ್ನು ಕಲಿಯಲಿಕ್ಕೇ ಇಪ್ಪತ್ತು ದಿನ ಹಿಡಿಯಿತು. ಅವಳು ಬೈಯುತ್ತಿದ್ದಳು. “ಹೆಬ್ಬೆರಳು ಒಳಕ್ಕೆ! ಒಳಕ್ಕೆ ಅಂದ್ರೆ ಒಳಕ್ಕೆ! ಯಾರ್ರೀ ನಿಮಗೆ ಡಿಗ್ರಿ ಕೊಟ್ಟೋರು?” ಬರೆಯುವುದನ್ನೂ ಕಲಿತೆ. ಆ ಪುಟವನ್ನು ಬರೆದದ್ದು ನಾನೇ. ನನ್ನ ಹೆಬ್ಬೆರಳು ಆಗಲೇ ಹಳೆಯದನ್ನು ಮರೆತಿತ್ತು. ಎಲ್ಲ ಕಾಗದಗಳೂ ನನ್ನವೇ. ಅವಳು ಒಂದನ್ನೂ ಮುಟ್ಟಿಲ್ಲ.

ಟೈಲರ್ ಹೆಂಗಸು ನನ್ನ ಮೂರನೆಯ ರೋಗಿ. ‘ಎಳೀಬೇಡಿ, ತಿರುಗಿಸಿ’ ಎಂದದ್ದು ನನಗೆ. ನೀನು ಹುಡುಕುತ್ತಿದ್ದ ಹೊಸಬ ನಾನು. ‘ನಿನ್ನದಕ್ಕಿಂತ ಚೆನ್ನಾಗಿದೆ’ ಎಂದು ನೀನು ಬರೆದಿದ್ದೆಯಲ್ಲ, ಆ ಸಾಲನ್ನು ಅವಳಿಗೆ ಓದಿ ಹೇಳಿದೆ. “ರಿಸಲ್ಟ್ ಬಂತು ಡಾಕ್ಟ್ರೇ, ಫಸ್ಟ್ ಕ್ಲಾಸು” ಎಂದು ನಕ್ಕಳು. ಅಂದೇ ನಿನಗೆ ನಿಜ ಬರೆಯಬೇಕಿತ್ತು. ಬರೆದರೆ ನೀನು ಸಹಿ ಹಾಕುವುದಿಲ್ಲ ಎನ್ನಿಸಿತು. ಹಾಕುತ್ತಿದ್ದೆಯಾ? ನಿಯಮದಲ್ಲಿ ‘ಕೈ’ ಎಂದರೆ ಎರಡೂ ಕೈ ಎಂದು ನಿನಗೂ ಗೊತ್ತು. ಅದಕ್ಕೇ ಅವಳು ಬರೆದುಕೊಂಡಳೆಂದು ಸುಳ್ಳು ಹೇಳಿದೆ. ಅಷ್ಟು ಸಣ್ಣ ಸುಳ್ಳು ಅವಳ ಮೇಲೆ ಏನು ತಂದೀತು ಎಂದುಕೊಂಡೆ.

ಅಂದು ಅವರು ಅವಳನ್ನು ಕೇಳಿದಾಗ ನಾನು ಬೇಸಿನ್ನಿನ ಮುಂದೆ ಬೆನ್ನು ಹಾಕಿ ನಿಂತಿದ್ದೆ. ನಾನು ಯೋಚಿಸುವ ಮೊದಲೇ ಅವಳು ಹೌದೆಂದಳು. ನಲ್ಲಿ ಬಿಟ್ಟಿದ್ದೆ. ನೀರಿನ ಸದ್ದಿಗೆ ಕೇಳಿಸಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಕೇಳಿಸಿತ್ತು.

ಮೇ 23ರಂದು ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಹೋದಳು. ಮನೆಗೆ ಹೋಗಿ ನೋಡಿದೆ, ಖಾಲಿ ಮಾಡಿದ್ದಾಳೆ. ಯಾವ ಊರಿಗೆಂದು ಪಕ್ಕದವರಿಗೂ ತಿಳಿಯದು.

ಈಗ ಸಹಿ ನಿನ್ನದು. ಅತ್ತಿಗೆಗೆ ಎಲ್ಲ ಗೊತ್ತು, ನನ್ನ ಅಂಗಿಯ ಗುಂಡಿ ಹಾಕುವವಳು ಅವಳೇ. ನಿನಗೆ ಹೇಳದಿರುವಂತೆ ಬೇಡಿಕೊಂಡವನು ನಾನು.

ಅಣ್ಣ


ಜೂನ್ 19

ಅಣ್ಣ,

ಸ್ಪಂಜು ನೋಡಿದೆ. ಎರಡನೆಯ ಹೊಲಿಗೆ ಒಂದು ಕೂದಲೆಳೆ ಬಿಗಿಯಾಗಿದೆ. ಉಳಿದವು ಸರಿಯಾಗಿವೆ.

ಮೊದಲು ನನ್ನ ಪಾಲಿನದು. ಎಡಗೈಯ ಗಂಟು ಕಂಡ ಕೂಡಲೇ ಅದು ದಾದಿಯದೆಂದು ತೀರ್ಮಾನಿಸಿದೆ. ನಿನ್ನ ಕೈಗೆ ಏನಾದರೂ ಆಗಿರಬಹುದೆಂದು ಮಾರ್ಚಿನಿಂದ ಮೇವರೆಗೆ ಒಂದು ದಿನವೂ ಹೊಳೆಯಲಿಲ್ಲ. ಭೂತಗನ್ನಡಿ ಹಿಡಿದಿದ್ದೆ. ನೋಡಿದ್ದು ನನಗೆ ಬೇಕಾದ ಕಡೆ.

ನಾನು ಸಹಿ ಹಾಕಿಲ್ಲ. ನಾಲ್ಕು ದಿನದ ಹಿಂದೆ ಸಮಿತಿಗೆ ಎರಡನೆಯ ಕಾಗದ ಕಳಿಸಿದೆ. ನಿನ್ನ ಪತ್ರದ ಪ್ರತಿ, ಸ್ಪಂಜು, ಎರಡೂ ಅದರ ಜೊತೆಗಿವೆ. ನನ್ನ ದೂರು ತಪ್ಪು, ದಾದಿಯ ಹೇಳಿಕೆ ಸುಳ್ಳು, ಅವಳ ಹೆಸರನ್ನು ಪಟ್ಟಿಗೆ ಮರಳಿ ಸೇರಿಸಿ ಎಂದು ಕೇಳಿದ್ದೇನೆ. ನಿನ್ನನ್ನು ಎದುರಿಗೆ ಕೂರಿಸಿಕೊಂಡು ಎಡಗೈಯಲ್ಲಿ ಹೊಲಿಸಿ ನೋಡಿ ಎಂದೂ ಬರೆದಿದ್ದೇನೆ. ಅವರು ಕರೆದಾಗ ಹೋಗು. ಪರವಾನಗಿ ಉಳಿಯಬಹುದು. ಬಹುಶಃ ಉಳಿಯುವುದಿಲ್ಲ. ಇದಕ್ಕಾಗಿ ನೀನು ನನ್ನೊಂದಿಗೆ ಮಾತು ಬಿಟ್ಟರೆ ಬಿಡು; ನಾನು ಬರೆಯುತ್ತಿರುತ್ತೇನೆ.

ಸಮಿತಿಯ ಗುಮಾಸ್ತರು ಫೋನ್ ಮಾಡಿದ್ದರು. “ಅವರ ಹೆಸರು ಸೇರಿಸೋದಾದ್ರೆ ಅವರೇ ಬಂದು ಹೇಳಿಕೆ ವಾಪಸ್ ತಗೋಬೇಕು ಮೇಡಂ. ಎಲ್ಲಿದಾರೆ ಅವರು?” ಎಂದರು. ನನಗೆ ಗೊತ್ತಿಲ್ಲ ಎಂದೆ. ನಿನಗೂ ಗೊತ್ತಿಲ್ಲ ಎನ್ನುತ್ತೀಯೆ. ಅದನ್ನು ನಂಬಬೇಕೆಂದು ಪ್ರಯತ್ನಿಸುತ್ತಿದ್ದೇನೆ.

ಏಕೆಂದರೆ ನಿನ್ನ ಕಾಗದದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ: ‘ನಾನು ಯೋಚಿಸುವ ಮೊದಲೇ ಅವಳು ಹೌದೆಂದಳು.’ ತನಿಖೆಗೆ ಬರುತ್ತಾರೆಂದು ನಿಮ್ಮಿಬ್ಬರಿಗೂ ಹದಿನಾರು ದಿನ ಮೊದಲೇ ಗೊತ್ತಿತ್ತು; ನಾನೇ ತಿಳಿಸಿದ್ದೆ. ಹದಿನಾರು ದಿನ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದೀರಿ. ಅವಳು ‘ಕೈ ತೊಳೆಯೋಕೆ ಹೋದಾಗ’ ಎಂದಳು, ಆಗ ನೀನು ಬೇಸಿನ್ನಿನ ಮುಂದೆಯೇ ನಿಂತಿದ್ದೆ. ಇದನ್ನು ನೀವು ಮೊದಲೇ ಆಡಿಕೊಂಡಿದ್ದಿರಾ ಎಂದು ನಿನ್ನನ್ನು ಕೇಳುವುದಿಲ್ಲ. ನೀನು ಇಲ್ಲವೆನ್ನುತ್ತೀಯೆ. ನಾನು ಆ ಕಾಗದವನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ಹೀಗೇ ಆಯುಷ್ಯ ಕಳೆದೀತು.

ಉತ್ತರ ಗೊತ್ತಿರುವವಳು ಒಬ್ಬಳೇ, ಅವಳ ವಿಳಾಸ ನಮ್ಮಿಬ್ಬರಲ್ಲೂ ಇಲ್ಲ. ಆದ್ದರಿಂದ ನಿನ್ನ ಕಾಗದದ ಕೊನೆಯಲ್ಲೇ ಅವಳಿಗೆ ಬರೆಯುತ್ತಿದ್ದೇನೆ. ಎಂದಾದರೂ ಸಿಕ್ಕರೆ ಓದಿ ಹೇಳು. ಸಿಗದಿದ್ದರೆ ಇಟ್ಟುಕೋ.

ದಾದಿಯವರೇ, ಆ ಬೋಳುತಲೆಯವರು ಕೇಳಿದ್ದಕ್ಕೂ ನೀವು ಹೌದೆಂದದ್ದಕ್ಕೂ ನಡುವೆ ಒಂದು ಉಸಿರಿನಷ್ಟಾದರೂ ಹೊತ್ತು ಇದ್ದಿರಬೇಕು. ಆಗ ನೀವು ಬೇಸಿನ್ನಿನ ಕಡೆ ತಿರುಗಿ ನೋಡಿದಿರಾ?